“ಒಂದೆರಡು ದಿನ ಇಟ್ಟುಕೊಳ್ಳಿ” ಎಂದು ಆಸ್ಪತ್ರೆಯವರಿಗೆ ಹೇಳುವ ಮುಂಚೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗಾಗಿ ಇದನ್ನು ಬರೆಯುತ್ತಿದ್ದೇವೆ. ಮನೆಯಲ್ಲಿ ಆಟಿಸಂ ಅಥವಾ ಬೌದ್ಧಿಕ ವೈಕಲ್ಯ ಇರುವ ಮಗನೋ ಮಗಳೋ ತಮ್ಮನೋ ಇದ್ದರೆ ದಯವಿಟ್ಟು ಪೂರ್ತಿ ಓದಿ. ಪರಿಸ್ಥಿತಿ ಕೈಮೀರಿದ ರಾತ್ರಿ ಎ ಅಂಡ್ ಇಗೆ ಹೋಗಿ, “ನಮ್ಮ ಕೈಲಿ ಆಗ್ತಿಲ್ಲ, ಒಂದೆರಡು ದಿನ ಇಟ್ಟುಕೊಳ್ಳಿ” ಅಂದರೆ ಮಾನಸಿಕ ಆಸ್ಪತ್ರೆಯ ಬಾಗಿಲು ತೆರೆಯುತ್ತದೆ. ಒಳಗೆ ಹೋಗಲು ಒಂದು ರಾತ್ರಿ ಸಾಕು. ಹೊರಗೆ ಬರಲು ವರ್ಷಗಟ್ಟಲೆ ಕಾದವರು ಬಹಳ ಜನ ಇದ್ದಾರೆ.

2011ರಲ್ಲಿ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಆಸ್ಪತ್ರೆಯಲ್ಲಿ ಇಂಥವರನ್ನು ಹೊಡೆದು ಬಡಿದು ಹಿಂಸಿಸುತ್ತಿದ್ದುದನ್ನು ಬಿಬಿಸಿಯ ಪನೋರಮಾ ಕಾರ್ಯಕ್ರಮ ಬಯಲಿಗೆ ತಂದಿತು. ಅನಗತ್ಯವಾಗಿ ಆಸ್ಪತ್ರೆಯಲ್ಲಿ ಇರುವವರನ್ನೆಲ್ಲ 2014ರ ಜೂನ್ ಒಳಗೆ ಹೊರಗೆ ತರುತ್ತೇವೆ ಎಂದು ಸರ್ಕಾರ ಮಾತು ಕೊಟ್ಟಿತು. ಆ ಮಾತು ನಡೆಯಲಿಲ್ಲ. ಅದಾಗಿ ಹತ್ತು ವರ್ಷ ಕಳೆದ ಮೇಲೂ ಸುಮಾರು 2,000 ಜನ ಮಾನಸಿಕ ಆಸ್ಪತ್ರೆಗಳಲ್ಲೇ ಇದ್ದರು.

ಸಾಮಾನ್ಯ ಆಸ್ಪತ್ರೆಯಲ್ಲೂ ಅಪಾಯ ಕಡಿಮೆಯಿಲ್ಲ. ಆಲಿವರ್ ಮೆಕ್‌ಗೋವನ್ ಎಂಬ 18 ವರ್ಷದ ಹುಡುಗನಿಗೆ ಆಟಿಸಂ, ಮೂರ್ಛೆರೋಗ, ಅಲ್ಪ ಪ್ರಮಾಣದ ಬೌದ್ಧಿಕ ವೈಕಲ್ಯ ಇದ್ದವು. 2016ರ ಅಕ್ಟೋಬರಿನಲ್ಲಿ ಫಿಟ್ಸ್ ಬಂದು ಬ್ರಿಸ್ಟಲ್‌ನ ಸೌತ್‌ಮೀಡ್ ಆಸ್ಪತ್ರೆ ಸೇರಿದ. ಆಂಟಿಸೈಕೋಟಿಕ್ ಮಾತ್ರೆಗಳು (ತೀವ್ರ ಮನೋರೋಗಕ್ಕೆ ಕೊಡುವ ಔಷಧಿ) ತನಗೆ ಆಗುವುದಿಲ್ಲ, ಕೊಡಬೇಡಿ ಎಂದು ಅವನೂ ಹೇಳಿದ್ದ, ಹೆತ್ತವರೂ ಹೇಳಿದ್ದರು. ಆದರೂ ಅದೇ ಗುಂಪಿನ ಒಲಾಂಜಪೈನ್ ಕೊಟ್ಟರು. ಅದರಿಂದ ನ್ಯೂರೋಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್ ಬಂತು. ಅಂದರೆ ಮೈ ಸುಡುವ ಜ್ವರ, ಮರಗಟ್ಟುವ ಸ್ನಾಯು, ಬೆವರು, ಗೊಂದಲ. ನವೆಂಬರ್ 11ರಂದು ಹುಡುಗ ತೀರಿಕೊಂಡ. ಆ ಸಾವನ್ನು ತಪ್ಪಿಸಬಹುದಿತ್ತು ಎಂಬ ಅಭಿಪ್ರಾಯಕ್ಕೆ 2020ರ ಸ್ವತಂತ್ರ ಪರಿಶೀಲನೆ ಬಂತು. ಆಸ್ಪತ್ರೆ ಸಿಬ್ಬಂದಿಗೆ ಆಟಿಸಂ ಮತ್ತು ಬೌದ್ಧಿಕ ವೈಕಲ್ಯದ ಬಗ್ಗೆ ತರಬೇತಿ ಕಡ್ಡಾಯ ಮಾಡಿದ 2022ರ ಕಾನೂನಿನ ಹಿಂದೆ ಆ ಹುಡುಗನ ತಾಯಿಯ ಹೋರಾಟವಿದೆ.

ಎಡವಟ್ಟು ಶುರುವಾಗುವುದು ಬಹುಪಾಲು ಒಂದೇ ರೀತಿ. ಮಾತು ಬಾರದ ಅಥವಾ ನೋವನ್ನು ಹೇಳಿಕೊಳ್ಳಲಾಗದ ವ್ಯಕ್ತಿ ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳತೊಡಗುತ್ತಾನೆ, ಕಚ್ಚುತ್ತಾನೆ, ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ. ಮೂಲ ನೋಡಿದರೆ ಹಲ್ಲುನೋವು, ಕಿವಿಯ ಸೋಂಕು, ಎದೆಯುರಿ, ಮುಟ್ಟಿನ ನೋವು, ಎಲ್ಲಕ್ಕಿಂತ ಹೆಚ್ಚಾಗಿ ಮಲಬದ್ಧತೆ. ಆದರೆ ವೈದ್ಯರು “ಆಟಿಸಂ ಇದೆಯಲ್ಲ, ಅದರದ್ದೇ ವರ್ತನೆ” ಎಂದು ಅಲ್ಲಿಗೇ ನಿಲ್ಲಿಸುತ್ತಾರೆ. ಶಾಂತವಾಗಲಿ ಎಂದು ರಿಸ್ಪೆರಿಡೋನ್ ಎಂಬ ಆಂಟಿಸೈಕೋಟಿಕ್ ಬರೆಯುತ್ತಾರೆ. ಈ ಗುಂಪಿನ ಔಷಧಿಗಳಿಂದ ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಬರುತ್ತದೆ. ಅದನ್ನು ರೋಗ ಹೆಚ್ಚಾಯಿತೆಂದು ತಿಳಿದು ಡೋಸ್ ಏರಿಸುತ್ತಾರೆ. ಹಲ್ಲು ಹಾಗೇ ನೋಯುತ್ತಿರುತ್ತದೆ.

ಆದ್ದರಿಂದ ವರ್ತನೆ ಬದಲಾದ ದಿನದಿಂದಲೇ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಗಂಟೆ ನಿದ್ದೆ, ಏನು ತಿಂದ, ಕೊನೆಗೆ ಹೊರಗೆ ಹೋದದ್ದು ಯಾವಾಗ, ಮಲ ಗಟ್ಟಿಯೋ ನೀರೋ, ಯಾವ ಕೆನ್ನೆ ಅಥವಾ ಕಿವಿ ಹಿಡಿದುಕೊಳ್ಳುತ್ತಾನೆ, ಶಾಲೆಯಲ್ಲಿ ಅಥವಾ ಡೇ ಸೆಂಟರಿನಲ್ಲಿ ಯಾರು ಬದಲಾದರು, ಯಾವ ಮಾತ್ರೆ ಯಾವ ದಿನ ಶುರುವಾಯಿತು. ತೆಳುವಾದ ಭೇದಿ ಕಂಡ ಮಾತ್ರಕ್ಕೆ ಮಲಬದ್ಧತೆ ಇಲ್ಲವೆನ್ನಬೇಡಿ, ಗಟ್ಟಿಯಾಗಿ ಕಟ್ಟಿಕೊಂಡ ಮಲದ ಪಕ್ಕದಿಂದ ನೀರು ಜಾರುತ್ತಿರಬಹುದು. ಈ ಹಾಳೆ ಹಿಡಿದು ಜಿಪಿ ಹತ್ತಿರ ಹೋಗಿ, “ಮೊದಲು ದೇಹದ ಕಾರಣ ನೋಡಿ” ಎಂದು ಪಟ್ಟು ಹಿಡಿಯಿರಿ. ಜಿಪಿಯ ಲರ್ನಿಂಗ್ ಡಿಸೆಬಿಲಿಟಿ ರಿಜಿಸ್ಟರಿನಲ್ಲಿ ಹೆಸರಿದ್ದರೆ 14 ವರ್ಷ ವಯಸ್ಸಿನಿಂದ ಪ್ರತಿವರ್ಷ ಆರೋಗ್ಯ ತಪಾಸಣೆ ಸಿಗುತ್ತದೆ. ಹೆಸರು ಇದೆಯೋ ಇಲ್ಲವೋ ಇವತ್ತೇ ಕೇಳಿ.

ಇನ್ನೊಂದು ಹೆಸರು ಬೇರೆ ಪಟ್ಟಿಯಲ್ಲಿ ಇರಬೇಕು: ಡೈನಾಮಿಕ್ ಸಪೋರ್ಟ್ ರಿಜಿಸ್ಟರ್. ಆಸ್ಪತ್ರೆ ಸೇರುವ ಅಪಾಯ ಇರುವವರನ್ನು ಕೆಂಪು, ಹಳದಿ, ಹಸಿರು ಎಂದು ಗುರುತಿಸಿಡುವ ಪಟ್ಟಿ ಇದು. ಒಪ್ಪಿಗೆ ಬೇಕು. ಜಿಪಿ, ಸೋಷಿಯಲ್ ವರ್ಕರ್ ಅಥವಾ ಕಮ್ಯುನಿಟಿ ಲರ್ನಿಂಗ್ ಡಿಸೆಬಿಲಿಟಿ ತಂಡದ ಮೂಲಕ ಕುಟುಂಬದವರೂ ಕೇಳಬಹುದು. ಪಟ್ಟಿ ಸೇರಿದ ಮೇಲೆ ದಾಖಲಾತಿಯ ಮಾತು ಬಂದಾಗ ಕೇರ್ ಅಂಡ್ ಟ್ರೀಟ್‌ಮೆಂಟ್ ರಿವ್ಯೂ ಕೇಳುವುದು ಸುಲಭ. 18ರೊಳಗಿನವರಿಗೆ ಇದರಲ್ಲಿ ಶಿಕ್ಷಣವೂ ಸೇರುತ್ತದೆ, ಸಿಇಟಿಆರ್ ಎನ್ನುತ್ತಾರೆ. ಹಣ ಮಂಜೂರು ಮಾಡುವ ಅಧಿಕಾರಿ, ಒಬ್ಬ ತಜ್ಞ, ಇಂಥ ಅನುಭವ ಇರುವ ಒಬ್ಬ ವ್ಯಕ್ತಿ ಕೂತು, ಮನೆಯಲ್ಲೇ ಏನು ನೆರವು ಕೊಟ್ಟರೆ ದಾಖಲಾತಿ ಬೇಡವಾಗುತ್ತದೆ ಎಂದು ನೋಡುತ್ತಾರೆ. ಅದಕ್ಕೂ ಸಮಯವಿಲ್ಲದಿದ್ದರೆ ಲೋಕಲ್ ಏರಿಯಾ ಎಮರ್ಜೆನ್ಸಿ ಪ್ರೋಟೊಕಾಲ್ ಎಂಬ ತುರ್ತು ಸಭೆ ಕರೆಯಿರಿ ಎಂದು ಹೆಸರು ಹಿಡಿದು ಕೇಳಿ. ಇಂಥದ್ದೊಂದು ಇದೆ ಎಂದು ರಾತ್ರಿ ಪಾಳಿಯ ಡಾಕ್ಟರಿಗೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ. “ನಮ್ಮ ಕೈಲಿ ಆಗ್ತಿಲ್ಲ” ಎನ್ನುವ ಬದಲು ಏನು ಬೇಕೆಂದು ಹೇಳಿ: ರಾತ್ರಿ ಜೊತೆಗಿರಲು ಇಬ್ಬರು, ಎರಡು ವಾರ ರೆಸ್ಪೈಟ್ (ಮನೆಯವರಿಗೆ ಬಿಡುವು ಕೊಡುವ ಬದಲಿ ಆರೈಕೆ), ನಾಳೆ ಬೆಳಿಗ್ಗೆ ಹಲ್ಲಿನ ಡಾಕ್ಟರು. ಬಿಕ್ಕಟ್ಟಿನಲ್ಲಿ 111ಕ್ಕೆ ಕರೆ ಮಾಡಿ 2 ಒತ್ತಿದರೆ ಮಾನಸಿಕ ಆರೋಗ್ಯದ ತಂಡ ಸಿಗುತ್ತದೆ.

ಹಾಸ್ಪಿಟಲ್ ಪಾಸ್‌ಪೋರ್ಟ್ ಮಾಡಿಟ್ಟುಕೊಳ್ಳಿ, ಅಂದರೆ ಆಸ್ಪತ್ರೆ ಸಿಬ್ಬಂದಿ ನಿಮ್ಮವರ ಬಗ್ಗೆ ತಿಳಿದಿರಬೇಕಾದ್ದನ್ನೆಲ್ಲ ಬರೆದ ಕಿರುಹೊತ್ತಿಗೆ. ನಮ್ಮವರ ಮಟ್ಟಿಗೆ ಅದರಲ್ಲಿ ಒಂದು ಭಾಗ ಬಹಳ ಮುಖ್ಯ. ಮಗ ಸಂಕಟದಲ್ಲಿದ್ದಾಗ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬರುವವನಾದರೆ “ನೋವು”, “ಸಾಕು”, “ಬೇಡ”, “ಉಚ್ಚೆ” ಇಂಥ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಅರ್ಥದೊಡನೆ ಬರೆಯಿರಿ. ಇಲ್ಲದಿದ್ದರೆ ಅವನು “ಬೇಡ” ಎಂದು ಕೂಗಿದ್ದು ಫೈಲಿನಲ್ಲಿ ಅರ್ಥವಿಲ್ಲದ ಚೀರಾಟವಾಗುತ್ತದೆ. ಮೊಸರನ್ನ ಬಿಟ್ಟು ಬೇರೇನೂ ಮುಟ್ಟದವನು ವಾರ್ಡಿನಲ್ಲಿ ಉಪವಾಸ ಕೂತರೆ ಅದೂ ರೋಗಲಕ್ಷಣವಾಗಿ ದಾಖಲಾಗುತ್ತದೆ. ಯಾವ ಔಷಧಿ ಆಗುವುದಿಲ್ಲ ಎಂಬುದನ್ನು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿ, ಪ್ರತಿ ಪಾಳಿಯ ನರ್ಸಿಗೂ ಓದಿ ಹೇಳಿ. ಕನ್ನಡ ದುಭಾಷಿ ಬೇಕೆಂದು ಕೇಳಿ, ಮನೆಯ ಚಿಕ್ಕ ಮಕ್ಕಳ ಬಾಯಲ್ಲಿ ಇದನ್ನೆಲ್ಲ ಹೇಳಿಸಬೇಡಿ.

ಈಗ ಕಾನೂನು, ಅಂದರೆ 1983ರ ಮೆಂಟಲ್ ಹೆಲ್ತ್ ಆಕ್ಟ್. “ನಾವೇ ಒಪ್ಪಿ ಸೇರಿಸಿದ್ದು, ಬೇಕಾದಾಗ ಕರೆದುಕೊಂಡು ಬರುತ್ತೇವೆ” ಎಂಬ ನಂಬಿಕೆ ಬಿಡಿ. ಸ್ವಇಚ್ಛೆಯಿಂದ ಸೇರಿದವರನ್ನೂ ಸೆಕ್ಷನ್ 5(2) ಅಡಿ ಡಾಕ್ಟರು 72 ಗಂಟೆ ತಡೆಹಿಡಿಯಬಹುದು. ಆಮೇಲೆ ಸೆಕ್ಷನ್ 2 ಹಾಕಿದರೆ 28 ದಿನ, ಸೆಕ್ಷನ್ 3 ಆದರೆ 6 ತಿಂಗಳು, ಅದನ್ನು ಮತ್ತೆ ಮತ್ತೆ ಮುಂದುವರಿಸಬಹುದು. ಬರೀ ಆಟಿಸಂ ಕಾರಣಕ್ಕೆ ಸೆಕ್ಷನ್ 3 ಹಾಕುವುದನ್ನು ನಿಲ್ಲಿಸುವ ಕಾಯ್ದೆ 2025ರ ಕೊನೆಯಲ್ಲಿ ಅಂಗೀಕಾರವಾಗಿದೆ. ಆದರೆ ಹೊರಗಿನ ನೆರವು ಸಿದ್ಧವಾದ ಮೇಲಷ್ಟೇ ಆ ಭಾಗ ಜಾರಿ ಎಂದು ಸರ್ಕಾರ ಹೇಳಿದೆ, ಸೆಕ್ಷನ್ 2 ಅಂತೂ ಉಳಿಯುತ್ತದೆ. ಅದನ್ನೇ ನಂಬಿ ಕೂರಬೇಡಿ.

1983ರ ಹಳೆಯ ಕಾಯ್ದೆಯಲ್ಲಿ, ಅದು ಗುರುತಿಸುವ ಹತ್ತಿರದ ಸಂಬಂಧಿಗೆ, ಅಂದರೆ ‘ನಿಯರೆಸ್ಟ್ ರಿಲೇಟಿವ್’ಗೆ ಬಲವಿದೆ. ಸೆಕ್ಷನ್ 3ಕ್ಕೆ ಮುಂಚೆ, ದಾಖಲಿಸಲು ಅರ್ಜಿ ಹಾಕುವ ಎಎಮ್‌ಎಚ್‌ಪಿ ಎಂಬ ಅಧಿಕಾರಿ ಅವರನ್ನು ಕೇಳಬೇಕು. ಅವರು ಆಕ್ಷೇಪಿಸಿದರೆ, ಕೋರ್ಟು ಅವರನ್ನು ಆ ಸ್ಥಾನದಿಂದ ತೆಗೆಯದ ಹೊರತು, ಅರ್ಜಿ ಮುಂದೆ ಹೋಗುವಂತಿಲ್ಲ. ಬಾಯಲ್ಲಿ ಗೊಣಗಿದರೆ ಸಾಲದು, ಒಂದು ಸಾಲು ಇಮೇಲ್ ಹಾಕಿ. 72 ಗಂಟೆಗಳ ಲಿಖಿತ ನೋಟಿಸ್ ಕೊಟ್ಟು ಬಿಡುಗಡೆಗೆ ಆದೇಶಿಸುವ ಹಕ್ಕೂ ಅವರಿಗಿದೆ. ಅಪಾಯವಿದೆ ಎಂದು ಡಾಕ್ಟರು ವರದಿ ಕೊಟ್ಟರೆ ಮಾತ್ರ ಅದು ನಿಲ್ಲುತ್ತದೆ. ಸೆಕ್ಷನ್ 2 ಆದಾಗ ಬಿಡುಗಡೆ ಕೋರಿ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಲು ರೋಗಿಗೆ ಮೊದಲ 14 ದಿನ ಮಾತ್ರ ಅವಕಾಶ, ವಕೀಲರ ನೆರವು ಉಚಿತ. ದಾಖಲಾತಿಗೆ ಮುಂಚೆ ಮೇಲೆ ಹೇಳಿದ ಕೇರ್ ರಿವ್ಯೂ ಆಗದಿದ್ದರೆ ವಯಸ್ಕರಿಗೆ 28 ದಿನದೊಳಗೆ, ಮಕ್ಕಳಿಗೆ 14 ದಿನದೊಳಗೆ ಆಗಬೇಕು. ಮೊದಲ ದಿನವೇ ತಾರೀಖು ಕೇಳಿ ಬರೆದುಕೊಳ್ಳಿ.

ಓದಲು ಅಥವಾ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದ, ಆಟಿಸಂ ಇರುವ ತರುಣ ತರುಣಿಯರ ಅಪ್ಪ ಅಮ್ಮಂದಿರು ಇದನ್ನು ಗಮನಿಸಬೇಕು: ಬ್ರಿಟನ್ನಿನಲ್ಲಿ ವಾಸವಿಲ್ಲದವರನ್ನು ನಿಯರೆಸ್ಟ್ ರಿಲೇಟಿವ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಕೂತು ನೀವು ಎಷ್ಟು ಫೋನ್ ಮಾಡಿದರೂ ಆ ಆಕ್ಷೇಪಣೆಗೆ ಕಾನೂನಿನ ಬಲ ಬರುವುದಿಲ್ಲ. ಇಲ್ಲಿ ಅಣ್ಣ, ಅಕ್ಕ, ಸೋದರಮಾವ, ಚಿಕ್ಕಮ್ಮ ಯಾರಾದರೂ ಇದ್ದರೆ ಅವರಿಗೆ ಈಗಲೇ ವಿಷಯ ತಿಳಿಸಿ, ಹಾಸ್ಪಿಟಲ್ ಪಾಸ್‌ಪೋರ್ಟಿನ ಪ್ರತಿ ಕೊಟ್ಟಿಡಿ. ಯಾರೂ ಇಲ್ಲದಿದ್ದರೆ ಆ ಸ್ಥಾನಕ್ಕೆ ತಾನು ನಂಬುವವರೊಬ್ಬರನ್ನು ನೇಮಿಸುವಂತೆ ರೋಗಿಯೇ ಕೌಂಟಿ ಕೋರ್ಟಿಗೆ ಅರ್ಜಿ ಹಾಕಬಹುದು. ಆ ಅರ್ಜಿ ಬರೆಯಲು ಐಎಮ್‌ಎಚ್‌ಎ ಎಂಬ ಉಚಿತ ಸಹಾಯಕರು ನೆರವಾಗಬಹುದು, ಅವರ ಬಗ್ಗೆ ವಾರ್ಡಿನವರು ತಿಳಿಸಬೇಕು.