ಕೇಟೊ ಎನ್ ಸ್ಕೇಲ್ ಯೂನಿಟ್ರ್ಯಾಕ್: ಬಿಚ್ಚಿ ಜೋಡಿಸುವ ಹಳಿ ಎಷ್ಟು ಬಾಳುತ್ತದೆ?

ಹಬ್ಬಕ್ಕೆ ನೆಂಟರು ಬಂದರೆ ಎತ್ತಿಡಬೇಕು, ಮನೆ ಬದಲಾಯಿಸಿದರೆ ಕಟ್ಟಿಕೊಂಡು ಹೋಗಬೇಕು, ಉಳಿದ ದಿನ ಮಂಚದ ಕೆಳಗೆ ಸುಮ್ಮನೆ ಬಿದ್ದಿರಬೇಕು. ಬೆಂಗಳೂರು, ಮೈಸೂರಿನ ಬಾಡಿಗೆ ಮನೆಗಳಲ್ಲಿ ಮಾದರಿ ರೈಲು ಓಡಿಸುವವರಿಗೆ ಇದನ್ನೆಲ್ಲ ತಡೆದುಕೊಳ್ಳುವ ಹಳಿಯೇ ಬೇಕು. ವರ್ಷಗಟ್ಟಲೆ ಹೀಗೆ ಬಿಚ್ಚಿ ಜೋಡಿಸಿ ಬಳಸಿದ ಮೇಲೆ ನನ್ನ ತೀರ್ಪು ಇಷ್ಟು: ಜಪಾನಿನ ಕೇಟೊ ಯೂನಿಟ್ರ್ಯಾಕ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಳಿ. ಹಳಿ ತುಂಡುಗಳು ಹಾಳಾಗುವುದೇ ಅಪರೂಪ. ತೊಂದರೆ ಬಂದರೆ ಎರಡೇ ಜಾಗದಲ್ಲಿ, ಜಾಯಿನರ್‌ನಲ್ಲಿ (ತುಂಡುಗಳನ್ನು ಸೇರಿಸುವ ಕೊಂಡಿ) ಅಥವಾ ಪಾಯಿಂಟ್‌ನಲ್ಲಿ (ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗ). ಈ ವಿಮರ್ಶೆಯ ಬಹುಪಾಲು ಆ ಎರಡರ ಬಗ್ಗೆಯೇ.

ಹೊಸಬರಿಗಾಗಿ ಒಂದೆರಡು ಮಾತು. ರೈಲು (ಚಕ್ರ ಉರುಳುವ ಲೋಹದ ಪಟ್ಟಿ), ಸ್ಲೀಪರ್, ಜಲ್ಲಿ ಮೂರೂ ಸೇರಿದ ಗಟ್ಟಿ ಪ್ಲಾಸ್ಟಿಕ್ ತಳದ ತುಂಡುಗಳಿವು. ತಳದ ಅಗಲ ಸುಮಾರು 25 ಮಿ.ಮೀ., ರೈಲು ನಿಕಲ್ ಸಿಲ್ವರ್, ಎತ್ತರ ಕೋಡ್ 80, ಅಂದರೆ ಸುಮಾರು 2 ಮಿ.ಮೀ. ಹಳಿಗಳ ನಡುವಿನ ಅಂತರ 9 ಮಿ.ಮೀ. ಎನ್ ಸ್ಕೇಲ್ ಅಂದರೆ ಸಾಮಾನ್ಯವಾಗಿ ನಿಜದ ಅಳತೆಯ 160ರಲ್ಲಿ ಒಂದು ಪಾಲು. ಜಪಾನಿನ ವೇಗದ ರೈಲು ಶಿಂಕಾನ್ಸೆನ್ ಓಡುವ 1435 ಮಿ.ಮೀ. ಗೇಜನ್ನು 160ರಿಂದ ಭಾಗಿಸಿದರೆ 8.97 ಬರುತ್ತದೆ, ಆದ್ದರಿಂದ ಆ ರೈಲಿಗೆ ಈ ಹಳಿ ಸರಿಯಾದ ಅಳತೆಯದೇ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಅದಕ್ಕೆ 10.5 ಬೇಕಿತ್ತು. ಭಾರತೀಯ ಎಂಜಿನ್ ಇಟ್ಟಾಗ ಹಳಿ ಸ್ವಲ್ಪ ಕಿರಿದಾಗಿ ಕಾಣುವುದು ಇದರಿಂದ. ಯಾವ ಕಂಪನಿಯ ಎನ್ ಹಳಿ ತೆಗೆದುಕೊಂಡರೂ ಇದು ತಪ್ಪದು.

ಎಷ್ಟು ಜಾಗ, ಎಷ್ಟು ತುಂಡು

ಫ್ಲಶ್ ಡೋರ್ ಒಂದನ್ನು ತಂದು ಮೇಜಿನ ಮೇಲೆ ಮಲಗಿಸುವುದು ಅಗ್ಗದ, ಗಟ್ಟಿಯಾದ ದಾರಿ. 78 ಇಂಚು ಉದ್ದ, 30 ಇಂಚು ಅಗಲದ್ದು ಸಾಕು. ಅದರ ಮೇಲೆ 315 ಮಿ.ಮೀ. ತ್ರಿಜ್ಯದ, 45 ಡಿಗ್ರಿಯ ತಿರುವು 8 (ಪಾರ್ಟ್ ನಂಬರ್ 20-120) ಮತ್ತು 248 ಮಿ.ಮೀ. ನೇರ ತುಂಡು 8 (20-000) ಸೇರಿದರೆ ಒಂದು ಸುತ್ತು ಪೂರ್ತಿ. ಉದ್ದ ಸುಮಾರು 1647, ಅಗಲ 655 ಮಿ.ಮೀ. ಬಾಗಿಲಿನ ಅಗಲ 762 ಇರುವುದರಿಂದ ಎರಡೂ ಬದಿಯಲ್ಲಿ 5 ಸೆಂ.ಮೀ. ಅಂಚು ಉಳಿಯುತ್ತದೆ. 2 ಅಡಿ ಅಗಲದ ಮೇಜು ಮಾತ್ರ ಇದ್ದರೆ 282 ತ್ರಿಜ್ಯದ ತಿರುವು ಲೆಕ್ಕಕ್ಕೆ ಹಿಡಿಸುತ್ತದೆ, ಆದರೆ ಅಂಚಿನಿಂದ ಹಳಿಯ ತಳಕ್ಕೆ ಒಂದು ಸೆಂ.ಮೀ. ಅಷ್ಟೇ ಉಳಿಯುತ್ತದೆ. ಎಂಜಿನ್ ನೆಲಕ್ಕೆ ಬೀಳುವ ಜಾಗ ಅದು. ಅಲ್ಲಿ 249ಕ್ಕೆ ಇಳಿಯುವುದೇ ಸರಿ, ಉದ್ದ ಬೋಗಿಗಳ ಆಸೆ ಬಿಡಬೇಕು. 24 ಮೀಟರಿನ ಎಲ್‌ಎಚ್‌ಬಿ ಬೋಗಿ (ನಮ್ಮ ರೈಲ್ವೆಯ ಹೊಸ ಮಾದರಿಯ ಉದ್ದ ಬೋಗಿ) ಈ ಅಳತೆಯಲ್ಲಿ 150 ಮಿ.ಮೀ. ಆಗುತ್ತದೆ. ಅಂಥದ್ದಕ್ಕೆ 315ಕ್ಕಿಂತ ಕಡಿಮೆ ತ್ರಿಜ್ಯ ನೋಡಲೂ ಚೆನ್ನಲ್ಲ, ಕಪ್ಲಿಂಗ್‌ಗೂ ಒಳ್ಳೆಯದಲ್ಲ.

ಒಂದು ಬದಿಯ 992 ಮಿ.ಮೀ. ನೇರದಲ್ಲಿ ಲೂಪ್ ಲೈನ್ (ಮೇನ್ ಲೈನಿನಿಂದ ಹೊರಟು ಮತ್ತೆ ಅದಕ್ಕೇ ಸೇರುವ ಪಕ್ಕದ ಹಳಿ) ಬೇಕೆಂದರೆ 6ನೇ ನಂಬರಿನ ಎಡ, ಬಲ ಪಾಯಿಂಟ್ ಒಂದೊಂದು (20-202, 20-203) ಹಾಕಿ. ಪ್ರತಿಯೊಂದರ ಉದ್ದ 186 ಮಿ.ಮೀ. ಮೇನ್ ಲೈನಿನಲ್ಲಿ ಉಳಿದ 620 ಮಿ.ಮೀ.ಗೆ 248ರ ಎರಡು, 124ರ ಒಂದು ತುಂಡು. ಲೂಪಿನ ಕಡೆ ಎರಡೂ ತುದಿಗೆ 718 ತ್ರಿಜ್ಯದ 15 ಡಿಗ್ರಿ ತಿರುವು, ನಡುವೆ 248ರ ಒಂದೇ ತುಂಡು ಸರಿಯಾಗಿ ಕೂರುತ್ತದೆ. ಎರಡು ಲೈನುಗಳ ಅಂತರ 49 ಮಿ.ಮೀ. ಪ್ಲಾಟ್‌ಫಾರ್ಮ್ ನಕ್ಷೆ ಹಾಕುವ ಮುಂಚೆ ಒಂದು ವಿಷಯ ತಿಳಿದಿರಲಿ: ಮೇನ್ ಲೈನಿಗೆ ತಾಗದಂತೆ ನಿಲ್ಲಿಸುವ ಜಾಗ ಸುಮಾರು 55 ಸೆಂ.ಮೀ. ಮಾತ್ರ. ಎಂಜಿನ್ ಜತೆ ಎಲ್‌ಎಚ್‌ಬಿ ಬೋಗಿ ಎರಡೇ ಹಿಡಿಯುವುದು. 22 ಬೋಗಿಯ ರಾಜಧಾನಿಯನ್ನು ನಿಲ್ಲಿಸಲು ಎಂಜಿನ್ ಬಿಟ್ಟೇ 3.3 ಮೀಟರ್ ಬೇಕು, ಅದು ಬಾಗಿಲಿನ ಮೇಲೆ ಆಗುವ ಮಾತಲ್ಲ.

ಟೊಮಿಕ್ಸ್ ಹಳಿ ಜತೆಗೆ ಬೆರೆಸುವ ಯೋಚನೆ ಇದ್ದರೆ ಕೈಬಿಡಿ. ಅಲ್ಲಿ ಜೋಡು ಹಳಿಯ ಅಂತರ 37 ಮಿ.ಮೀ., ಇಲ್ಲಿ 33. ಜಾಯಿನರ್ ಕೂಡ ಬೇರೆ.

ಜಾಯಿನರ್

ಪ್ರತಿ ತುಂಡಿನ ತುದಿಯಲ್ಲಿ ಯೂನಿಜಾಯಿನರ್ ಎಂಬ ಬೂದು ಪ್ಲಾಸ್ಟಿಕ್ ಚೂರು ಇರುತ್ತದೆ. ಅದರೊಳಗೊಂದು ಸಣ್ಣ ಲೋಹದ ಚಾನೆಲ್. ಪ್ಲಾಸ್ಟಿಕ್ ಹಿಡಿತ ಕೊಡುತ್ತದೆ, ಲೋಹ ಕರೆಂಟ್ ಸಾಗಿಸುತ್ತದೆ. ಈ ಕೆಲಸ ಹಂಚಿಕೆಯೇ ಇದರ ಜಾಣತನ. ಮಾಮೂಲಿ ಹಳಿಯಲ್ಲಿ ಎರಡೂ ಭಾರ ಒಂದೇ ಲೋಹದ ಚೂರಿನ ಮೇಲೆ ಬಿದ್ದು ಅದು ಬೇಗ ಸಡಿಲವಾಗುತ್ತದೆ. ಇಲ್ಲಿ ಜಾಯಿನರ್ ಸವೆದರೆ ಅದೊಂದನ್ನೇ ಎಳೆದು ಹೊಸದು ಹಾಕಬಹುದು (24-815, ಪ್ಯಾಕೆಟ್‌ನಲ್ಲಿ 20), ಹಳಿ ಹಾಗೇ ಉಳಿಯುತ್ತದೆ.

ಜೋಡಿಸುವಾಗ ಸಮತಟ್ಟಾದ ನೆಲದ ಮೇಲಿಟ್ಟು, ಎರಡೂ ತುಂಡು ಒಂದೇ ಗೆರೆಯಲ್ಲಿ ಇರುವಂತೆ ಹಿಡಿದು, ಟಕ್ ಎನ್ನುವವರೆಗೆ ಒತ್ತಬೇಕು. ನಂತರ ಉಗುರನ್ನು ರೈಲಿನ ತಲೆಯ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಿಸಿ. ಉಗುರು ತಡೆದರೆ ರೈಲು ಚಾನೆಲ್‌ನ ಒಳಗೆ ಹೋಗದೆ ಅದರ ಮೇಲೆ ಹತ್ತಿ ಕೂತಿದೆ ಎಂದರ್ಥ. ಪ್ಲಾಸ್ಟಿಕ್ ಸರಿಯಾಗಿಯೇ ಕಚ್ಚಿರುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಓಡುವ ಗಾಡಿ ಆ ಜಾಗದಲ್ಲಿ ನಡುಗುವುದಕ್ಕೂ, ಆಮೇಲೆ ಕರೆಂಟ್ ಹೋಗಿ ಬರುವುದಕ್ಕೂ ಇದೇ ಮೊದಲ ಕಾರಣ. ಬಿಚ್ಚಿ, ಚಾನೆಲ್‌ನ ಬಾಯಿಯನ್ನು ಸೂಜಿಯಿಂದ ಸರಿಮಾಡಿ, ಮತ್ತೆ ಹಾಕಿ.

ಬಿಚ್ಚುವಾಗ ನೇರ ಎಳೆಯಬೇಕು. ಮೊಣಕಾಲಿಗೆ ಒತ್ತಿ ಕಬ್ಬು ಮುರಿದ ಹಾಗೆ ಬಗ್ಗಿಸುವವರಿದ್ದಾರೆ. ಪ್ಲಾಸ್ಟಿಕ್ ಕೊಕ್ಕೆ ಮುರಿಯುವುದೂ, ಚಾನೆಲ್ ಅಗಲವಾಗುವುದೂ ಅಲ್ಲೇ. ಮಕ್ಕಳ ಕೈಗೆ ಕೊಡುವ ಮುಂಚೆ ಇದೊಂದನ್ನು ಹೇಳಿಕೊಡಿ.

ಸಡಿಲ ಜಾಯಿನರ್ ಗುರುತಿಸಲು ಕಣ್ಣಿಗಿಂತ ಮೀಟರ್ ವಾಸಿ. ಸ್ಕೂಟರಿನ 12 ವೋಲ್ಟ್ 5 ವ್ಯಾಟ್ ಪಾರ್ಕಿಂಗ್ ಬಲ್ಬ್ ಒಂದಕ್ಕೆ ಎರಡು ವೈರ್ ಬೆಸೆದುಕೊಳ್ಳಿ. ಅದು ಎಳೆಯುವ ಸುಮಾರು 0.4 ಆಂಪಿಯರ್, ಎರಡು ಎಂಜಿನ್ ಸೇರಿ ಎಳೆಯುವಷ್ಟು. ಕಂಟ್ರೋಲರನ್ನು ಪೂರ್ತಿ ತಿರುಗಿಸಿ, ಫೀಡರ್ (ಹಳಿಗೆ ಕರೆಂಟ್ ತರುವ ವೈರ್) ಹತ್ತಿರ ಬಲ್ಬ್ ಹಚ್ಚಿ ಹಳಿಯ ವೋಲ್ಟೇಜ್ ನೋಡಿ. ಮತ್ತೆ ಸುತ್ತಿನ ಅತಿ ದೂರದ ಜಾಗದಲ್ಲಿ ನೋಡಿ. ವ್ಯತ್ಯಾಸ ಅರ್ಧ ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. ಒಂದು ವೋಲ್ಟ್ ದಾಟಿದರೆ ತುಂಡು ತುಂಡಾಗಿ ಹಿಂದಕ್ಕೆ ಬನ್ನಿ, ಎಲ್ಲಿ ಥಟ್ಟನೆ ಏರುತ್ತದೋ ಆ ಜಾಯಿನರ್ ಬದಲಿಸಿ. ಬಲ್ಬಿಲ್ಲದೆ ಬರೀ ಮೀಟರ್ ಹಿಡಿದರೆ ಎಲ್ಲ ಕಡೆಯೂ ಸರಿಯಾಗಿಯೇ ತೋರಿಸುತ್ತದೆ, ಏಕೆಂದರೆ ಕರೆಂಟ್ ಹರಿಯದೆ ವೋಲ್ಟೇಜ್ ಬೀಳುವುದಿಲ್ಲ. ಮೇಲೆ ಹೇಳಿದ ಸುತ್ತಿಗೆ ಎದುರುಬದುರು ಎರಡು ಕಡೆ ವೈರ್ ಇರುವ ಟರ್ಮಿನಲ್ ಜಾಯಿನರ್ (24-818) ಹಾಕಿಬಿಟ್ಟರೆ ಒಳ್ಳೆಯದು. ನೀಲಿ ವೈರ್ ಎರಡೂ ಕಡೆ ಒಂದೇ ರೈಲಿಗೆ ಸೇರಬೇಕು, ಅದಲು ಬದಲಾದರೆ ಶಾರ್ಟ್.

ಡಿಸಿಸಿಯಲ್ಲಿ (ಡಿಜಿಟಲ್ ಕಂಟ್ರೋಲ್) ಓಡಿಸುವವರು ಇನ್ನೊಂದು ಪರೀಕ್ಷೆ ಬಿಡಬಾರದು. ಒಂದು ರೂಪಾಯಿ ನಾಣ್ಯವನ್ನು ಎರಡೂ ರೈಲಿನ ಮೇಲೆ ಅಡ್ಡ ಇಟ್ಟರೆ ಕಂಟ್ರೋಲರ್ ತಕ್ಷಣ ಟ್ರಿಪ್ ಆಗಬೇಕು. ಎಲ್ಲ ಮೂಲೆಯಲ್ಲೂ ಇದನ್ನು ಮಾಡಿ. ಎಲ್ಲಾದರೂ ಟ್ರಿಪ್ ಆಗದಿದ್ದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ರೆಸಿಸ್ಟೆನ್ಸ್ ಜಾಸ್ತಿಯಿದೆ. ಮುಂದೆ ಬೋಗಿ ಹಳಿ ತಪ್ಪಿದಾಗ ಶಾರ್ಟ್ ನಿಲ್ಲದೆ ಪ್ಲಾಸ್ಟಿಕ್ ಕರಗುತ್ತದೆ.

ಪಾಯಿಂಟ್: 6 ಕೊಳ್ಳಿ, 4ಕ್ಕೆ ಅರ ಹಿಡಿಯಿರಿ

ಜಾಗ ಇದ್ದರೆ 6ನೇ ನಂಬರನ್ನೇ ಕೊಳ್ಳಿ. 4ನೇ ನಂಬರ್ (20-220, 20-221) 126 ಮಿ.ಮೀ. ಉದ್ದ, ತಿರುವಿನ ತ್ರಿಜ್ಯ 481. ಜತೆಗೆ 60ರ ತುಂಡು ಸೇರಿದರೆ ಅದೂ 186 ಆಗುತ್ತದೆ. ಜಾಗ ಉಳಿಸುತ್ತದೆ ನಿಜ, ಆದರೆ ಹವ್ಯಾಸಿಗಳ ನಡುವೆ ಅದರ ಹೆಸರು ಅಷ್ಟೇನೂ ಚೆನ್ನಾಗಿಲ್ಲ. ಟಂಗ್ ರೈಲಿನ (ಪಾಯಿಂಟ್‌ನಲ್ಲಿ ಅತ್ತಿತ್ತ ಸರಿಯುವ ರೈಲು) ತುದಿ ಮೊಂಡು, ಅದು ಸ್ಟಾಕ್ ರೈಲಿಗೆ (ಪಕ್ಕದ ಅಲುಗದ ರೈಲು) ಒರಗಿದಾಗ ನಡುವೆ ಸಣ್ಣ ಮೆಟ್ಟಿಲು ಉಳಿಯುತ್ತದೆ. ಹಗುರ ಬೋಗಿಯ ಮುಂದಿನ ಚಕ್ರ, ಮೂರು ಆಕ್ಸೆಲ್ ಚಕ್ರಚೌಕಟ್ಟಿನ ಎಂಜಿನ್, ಸ್ಟೀಮ್ ಎಂಜಿನ್ನಿನ ಮುಂದಿನ ಪುಟ್ಟ ಚಕ್ರ, ಇವು ಆ ಮೆಟ್ಟಿಲನ್ನು ಹಿಡಿದು ತಪ್ಪು ದಾರಿಗೆ ಹತ್ತುತ್ತವೆ.

ಪರಿಹಾರ ಹತ್ತು ನಿಮಿಷದ್ದು. ನುಣುಪಾದ ಸೂಜಿ ಅರದಿಂದ ಟಂಗ್ ರೈಲಿನ ಕೊನೆಯ 3–4 ಮಿ.ಮೀ.ನ ಮೇಲಂಚನ್ನು ಇಳಿಜಾರಾಗಿ ಉಜ್ಜಿ, ತುದಿ ಬ್ಲೇಡಿನಷ್ಟು ತೆಳುವಾಗಲಿ. ಅದು ಒರಗುವ ಜಾಗದಲ್ಲಿ ಸ್ಟಾಕ್ ರೈಲಿನ ಒಳಮುಖವನ್ನೂ ಎರಡು ಮೂರು ಸಲ ಉಜ್ಜಿದರೆ ತುದಿ ಒಳಗೆ ಅಡಗುತ್ತದೆ. ಪಾಯಿಂಟನ್ನು ತಲೆಕೆಳಗೆ ಹಿಡಿದು ಉಜ್ಜಬೇಕು, ಇಲ್ಲದಿದ್ದರೆ ಲೋಹದ ಪುಡಿ ಒಳಗಿನ ಸೊಲೆನಾಯ್ಡ್‌ಗೆ (ಪಾಯಿಂಟ್ ತಿರುಗಿಸುವ ವಿದ್ಯುತ್ ಕಾಯಿಲ್) ಹೋಗುತ್ತದೆ. ಅರ ಹಿಡಿಯುವ ಮುಂಚೆ ಎನ್‌ಎಂಆರ್‌ಎ (ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ) ಅಳತೆ ಗೇಜಿನಲ್ಲಿ ಬೋಗಿಯ ಚಕ್ರಗಳ ಅಂತರ ನೋಡಿ. ತಪ್ಪು ಎಷ್ಟೋ ಸಲ ಚಕ್ರದ್ದೇ ಆಗಿರುತ್ತದೆ.

ವಿದ್ಯುತ್ತಿನ ವಿಷಯದಲ್ಲೂ ಎರಡೂ ಬೇರೆ. 6ರಲ್ಲಿ ಫ್ರಾಗ್‌ಗೆ (ಎರಡು ದಾರಿಯ ಒಳ ರೈಲುಗಳು ಕೂಡುವ ಜಾಗ) ಕರೆಂಟ್ ಇರುತ್ತದೆ, ಪಾಯಿಂಟ್ ತಿರುಗಿದಂತೆ ಅದರ ಧ್ರುವ ಬದಲಾಗುತ್ತದೆ. ಫ್ರಾಗ್ ಆಚೆ ಇನ್ನೊಂದು ಫೀಡರ್ ಕೊಟ್ಟರೆ ತಿರುಗಿಸಿದ ಕೂಡಲೇ ಶಾರ್ಟ್. ಅದಕ್ಕಾಗಿ ಫ್ರಾಗ್‌ನಿಂದ ಹೊರಡುವ ಎರಡೂ ಒಳ ರೈಲಿಗೆ ಇನ್ಸುಲೇಟೆಡ್ ಜಾಯಿನರ್ (24-816) ಹಾಕಬೇಕು. ಮೇಲಿನ ಲೂಪಿನಲ್ಲಿ ಎರಡು ಪಾಯಿಂಟ್‌ಗಳು ಎದುರುಬದುರು ಇರುವುದರಿಂದ ಇದು ಕಡ್ಡಾಯ. 4ರ ತಳದಲ್ಲಿ ಸಣ್ಣ ಸ್ಕ್ರೂಗಳಿವೆ, ಆಯ್ದ ದಾರಿಗೆ ಮಾತ್ರ ಕರೆಂಟ್ ಬೇಕೋ ಎರಡಕ್ಕೂ ಬೇಕೋ ಎಂಬುದನ್ನು ಅದರಲ್ಲಿ ಆರಿಸಬಹುದು. ಹಲಗೆಗೆ ಅಂಟಿಸಿದ ಮೇಲೆ ಅವು ಕೈಗೆ ಸಿಗುವುದಿಲ್ಲ, ಮೊದಲೇ ನೋಡಿಕೊಳ್ಳಿ.

ಸೊಲೆನಾಯ್ಡ್‌ಗೆ ಬೇಕಾದದ್ದು ಕ್ಷಣದ ಕರೆಂಟ್ ಮಾತ್ರ. ಕೇಟೊದ ನೀಲಿ ಲಿವರ್ ಸ್ವಿಚ್ ಅಷ್ಟನ್ನೇ ಕೊಡುತ್ತದೆ. ಸ್ವಂತ ಸ್ವಿಚ್ ಹಾಕಿ ಬೆರಳು ಎತ್ತಲು ಮರೆತರೆ ಕಾಯಿಲ್ ಸುಟ್ಟುಹೋಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಮಾನಿನಲ್ಲೇ ಇದಕ್ಕೆ ಭದ್ರವಾದ ಸರ್ಕ್ಯೂಟ್ ಮಾಡಬಹುದು. ಪ್ರತಿ ಪಾಯಿಂಟ್‌ಗೆ ಮೂರು ಕಾಲಿನ ಆನ್-ಆನ್ ಟಾಗಲ್ ಒಂದು, 2200 ಮೈಕ್ರೊಫ್ಯಾರಡ್ 25 ವೋಲ್ಟ್ ಕೆಪ್ಯಾಸಿಟರ್ ಒಂದು. ಟಾಗಲ್‌ನ ಒಂದು ಕೊನೆ 12 ವೋಲ್ಟ್ ಪ್ಲಸ್‌ಗೆ, ಇನ್ನೊಂದು ಕೊನೆ ಮೈನಸ್‌ಗೆ. ನಡುಕಾಲು ಕೆಪ್ಯಾಸಿಟರ್‌ನ ಪ್ಲಸ್‌ಗೆ, ಕೆಪ್ಯಾಸಿಟರ್‌ನ ಮೈನಸ್ ಪಾಯಿಂಟ್‌ನ ಕೆಂಪು ವೈರಿಗೆ. ಕಪ್ಪು ವೈರ್ ಸಪ್ಲೈ ಮೈನಸ್‌ಗೆ. ಒಂದು ಕಡೆ ತಳ್ಳಿದಾಗ ಕೆಪ್ಯಾಸಿಟರ್ ತುಂಬುತ್ತ ಕಾಯಿಲ್ ಒಂದು ದಿಕ್ಕಿಗೆ ಎಳೆಯುತ್ತದೆ, ಇನ್ನೊಂದು ಕಡೆ ತಳ್ಳಿದಾಗ ಅದು ಖಾಲಿಯಾಗುತ್ತ ವಿರುದ್ಧ ದಿಕ್ಕಿಗೆ. ತುಂಬಿದ ಮೇಲೆ ಕರೆಂಟ್ ತಾನೇ ನಿಲ್ಲುವುದರಿಂದ ಕಾಯಿಲ್ ಸುಡುವ ಪ್ರಶ್ನೆಯಿಲ್ಲ. ಪಾಯಿಂಟ್ ತಡವರಿಸಿದರೆ 15 ವೋಲ್ಟ್ ಅಡಾಪ್ಟರ್ ಬಳಸಿ. ದಿಕ್ಕು ಉಲ್ಟಾ ಬಂದರೆ ಕೆಂಪು, ಕಪ್ಪು ಅದಲು ಬದಲು ಮಾಡಿದರೆ ಆಯಿತು.

ಕರೆಂಟ್, ತೇವ, ಕಸ್ಟಮ್ಸ್

ಜಪಾನಿನಿಂದ ತರಿಸಿದ ಪವರ್ ಪ್ಯಾಕನ್ನು ಗೋಡೆಗೆ ಚುಚ್ಚುವ ಮುಂಚೆ ಅಡಾಪ್ಟರ್ ಮೇಲಿನ ಬರಹ ಓದಿ. 100–240 ವೋಲ್ಟ್ ಎಂದಿದ್ದರೆ ಪ್ಲಗ್ ಪಿನ್ ಬದಲಿಸಿದರೆ ಸಾಕು. ಬರೀ 100 ವೋಲ್ಟ್ ಎಂದಿದ್ದರೆ ನಮ್ಮ 230ಕ್ಕೆ ಅದು ಸುಟ್ಟಂತೆಯೇ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ನಿಕಲ್ ಸಿಲ್ವರ್ ತುಕ್ಕು ಹಿಡಿಯದು, ಆದರೆ ಕಪ್ಪು ಕೊಳೆ ಕೂರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಬೇಗ. ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ನಾಲ್ಕು ಹನಿ ಹತ್ತಿ ಬಟ್ಟೆಗೆ ಹಾಕಿ ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿದರೆ ಸಾಕು. ಕಿಟಕಿ ತೆರೆದಿರಲಿ, ಆರುವವರೆಗೆ ಕರೆಂಟ್ ಕೊಡಬೇಡಿ. ಐಸೊಪ್ರೊಪೈಲ್ ಆಲ್ಕೊಹಾಲ್ ಕೂಡ ನಡೆಯುತ್ತದೆ, ಆದರೆ ಕೊಳೆ ಬೇಗ ಮರಳುತ್ತದೆ. ಥಿನ್ನರ್, ಅಸಿಟೋನ್ ತಳವನ್ನೇ ಕರಗಿಸುತ್ತವೆ. ಮರಳು ಕಾಗದ ಬೇಡವೇ ಬೇಡ, ಅದು ಬಿಡುವ ಗೀರುಗಳಲ್ಲಿ ಕೊಳೆ ಮನೆ ಮಾಡುತ್ತದೆ. ಚಕ್ರ ಒರೆಸದೆ ಹಳಿ ಮಾತ್ರ ಒರೆಸಿದರೆ ಎರಡು ಸುತ್ತಿನಲ್ಲೇ ಮತ್ತೆ ಕಪ್ಪಾಗುತ್ತದೆ.

ಬೆಲೆಯೇ ದೊಡ್ಡ ಅಡ್ಡಿ. ಆಟಿಕೆಗಳ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿತು. ಸ್ಕೇಲ್ ಮಾದರಿಗಳೂ ಸುಂಕ ಪಟ್ಟಿಯ ಅದೇ ಅಧ್ಯಾಯದಡಿ ಬರುತ್ತವೆ. ಒಂದೇ ಜಾಗದಲ್ಲಿ ಕಾಯಂ ಕಟ್ಟುವವರಿಗೆ, ಬೆಸುಗೆ ಹಾಕಲು ಬರುವವರಿಗೆ ಪೆಕೊದ 914 ಮಿ.ಮೀ. ಫ್ಲೆಕ್ಸ್ ಹಳಿ ಮೀಟರ್ ಲೆಕ್ಕದಲ್ಲಿ ಅಗ್ಗ, ನೋಟಕ್ಕೂ ಮೇಲು. ಬಿಚ್ಚಿ ಕಟ್ಟುವ ಅಗತ್ಯ ಇರುವವರು ಮಾತ್ರ ಯೂನಿಟ್ರ್ಯಾಕ್‌ಗೆ ಹೆಚ್ಚಿನ ದುಡ್ಡು ಕೊಡಬೇಕು. ಅವರಿಗೆ ಅದು ವಸೂಲಾಗುತ್ತದೆ.

ಎತ್ತಿಡುವಾಗ ತುಂಡುಗಳನ್ನು ಮಲಗಿಸಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಬಿಸಿಲಿಗೆ ಕರಗಿ ರೈಲಿಗೆ ಅಂಟುತ್ತದೆ. ಪಾಯಿಂಟ್‌ಗಳನ್ನು ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿಡಿ, ವೈರ್ ಬುಡದಲ್ಲಿ ಮಡಚದಂತೆ. ಮೊದಲ ಆರ್ಡರ್‌ನಲ್ಲೇ 24-815 ಎರಡು ಪ್ಯಾಕೆಟ್ ಸೇರಿಸಿಕೊಳ್ಳಿ. ಮುಂದೆ ಅದೊಂದನ್ನೇ ತರಿಸಲು ಹೋದರೆ ಸಾಮಾನಿಗಿಂತ ಕೊರಿಯರ್ ಖರ್ಚೇ ಜಾಸ್ತಿಯಾಗುತ್ತದೆ.