ಕೀಮೋಗೆ ಕಾಯುವ ಹೊತ್ತಿನಲ್ಲಿ: ಖಾಲಿ ಹಾಳೆ, ಬಣ್ಣದ ಪುಸ್ತಕ, ಚುಕ್ಕಿ ರಂಗೋಲಿ

ಕೀಮೋಥೆರಪಿಯ ದಿನ ರಕ್ತ ಪರೀಕ್ಷೆಯ ವರದಿ ಬಂದು, ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಸಾಕಷ್ಟಿವೆಯೆಂದು ವೈದ್ಯರು ಒಪ್ಪಿಗೆ ಕೊಡುವವರೆಗೆ ಕಾಯಲೇಬೇಕು. ಔಷಧಿ ಮೈಗೆ ಸೇರುವ ಮೊದಲೇ ಅಮ್ಮನಿಗೆ ಆತಂಕದಿಂದ ಹೊಟ್ಟೆ ತೊಳಸುತ್ತಿದ್ದುದರಿಂದ, ಆ ಹೊತ್ತಿಗೆಂದು ಕೆಲವು ಕಲಾ ಚಟುವಟಿಕೆಗಳನ್ನು ಒಂದೊಂದಾಗಿ ಪ್ರಯತ್ನಿಸಿ ನೋಡಿದೆವು.

ಖಾಲಿ ಹಾಳೆ ನಮಗೆ ಒಗ್ಗಲಿಲ್ಲ. ಯಾವ ಚಿತ್ರ ಬರೆಯಬೇಕೆಂಬುದೇ ಅಮ್ಮನಿಗೆ ಇನ್ನೊಂದು ಚಿಂತೆಯಾಯಿತು. ಸಂಶೋಧಕರಾದ ಕರಿ (Curry) ಮತ್ತು ಕ್ಯಾಸರ್ (Kasser) 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಮಂಡಲ (ವೃತ್ತಾಕಾರದ ವಿನ್ಯಾಸ) ಅಥವಾ ಚೌಕಳಿ ವಿನ್ಯಾಸಕ್ಕೆ ಬಣ್ಣ ತುಂಬಿದ ವಿದ್ಯಾರ್ಥಿಗಳ ಆತಂಕ, ಖಾಲಿ ಹಾಳೆ ಪಡೆದವರದಕ್ಕಿಂತ ಹೆಚ್ಚು ಇಳಿದಿತ್ತು. ಆದರೆ ಕಲಾ ಚಿಕಿತ್ಸೆಯ ಸಂಶೋಧಕಿ ಗಿರಿಜಾ ಕೈಮಲ್ ಅವರ ತಂಡ 2016ರಲ್ಲಿ 39 ವಯಸ್ಕರಿಗೆ 45 ನಿಮಿಷ ಇಷ್ಟಬಂದಂತೆ ಕಲೆ ರಚಿಸಲು ಬಿಟ್ಟಾಗ, ಸುಮಾರು ಮುಕ್ಕಾಲು ಪಾಲು ಜನರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಕಡಿಮೆಯಾಗಿತ್ತು. ಆದ್ದರಿಂದ ಚಿತ್ರ ಬರೆಯುವ ಆಸೆಯಿರುವವರಿಗೆ ಖಾಲಿ ಹಾಳೆಯನ್ನು ಬೇಡವೆನ್ನಲಾರೆ.

ಬಣ್ಣ ತುಂಬುವ ಪುಸ್ತಕವನ್ನು ಹೆಸರು ಕರೆದೊಡನೆ ಮುಚ್ಚಿಡಬಹುದು, ಮತ್ತೆ ಅಲ್ಲಿಂದಲೇ ಮುಂದುವರಿಸಬಹುದು. ಆದರೆ ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕೀಮೋ ಔಷಧಿಗಳಿಂದ ಬೆರಳು ಜೋಮು ಹಿಡಿದವರಿಗೆ ತೆಳು ಪೆನ್ಸಿಲ್ ಜಾರುತ್ತದೆ. ದಪ್ಪನೆಯ ಮೂರು ಮೂಲೆಯ ಪೆನ್ಸಿಲ್ ಮತ್ತು ಬಣ್ಣ ತುಂಬಲು ದೊಡ್ಡ ಖಾನೆಗಳಿರುವ ಚಿತ್ರ ಬೇಕು. ಮಾರ್ಕರ್‌ನ ವಾಸನೆಯನ್ನಂತೂ ಅಮ್ಮ ಸಹಿಸಲಿಲ್ಲ.

ನನ್ನ ಒಲವು ಚುಕ್ಕಿ ರಂಗೋಲಿಯ ಕಡೆಗಿದೆ. ನಡುಸಾಲಿನ ಏಳರಿಂದ ಎರಡೂ ಬದಿಗೆ ನಾಲ್ಕರವರೆಗೆ ಸಂದು ಚುಕ್ಕಿ (ಹಿಂದಿನ ಸಾಲಿನ ಚುಕ್ಕಿಗಳ ನಡುವೆ ಬರುವಂತೆ) ಇಟ್ಟರೆ ಒಟ್ಟು 37 ಚುಕ್ಕಿಗಳಾಗುತ್ತವೆ. ಅವನ್ನು ಎಣಿಸಿ ಇಡುವಷ್ಟರಲ್ಲೇ ಅಮ್ಮನ ಗಮನ ಗೋಡೆಯ ಗಡಿಯಾರದಿಂದ ಹಾಳೆಗೆ ತಿರುಗುತ್ತಿತ್ತು. ಪಕ್ಕದಲ್ಲಿ ಕುಳಿತ ಹೆಂಗಸರು ತಮ್ಮೂರಿನ ವಿನ್ಯಾಸಗಳನ್ನು ಹೇಳಿಕೊಡಲು ಮುಂದಾಗುತ್ತಿದ್ದರು, ಕಾಯಿಲೆಯ ಮಾತು ಸ್ವಲ್ಪ ಹೊತ್ತು ಹಿಂದೆ ಸರಿಯುತ್ತಿತ್ತು. ಬಹುಕಾಲದ ರೂಢಿಯಿರುವ ಕೈಗೆ ಇಲ್ಲಿ ಹೊಸದಾಗಿ ಕಲಿಯುವ ಅಳುಕಿಲ್ಲ, ಮತ್ತು ಇದೇ ಅದರ ದೊಡ್ಡ ಗುಣವೆಂದು ನಾನು ನಂಬುತ್ತೇನೆ. ಚುಕ್ಕಿಗಳ ಸುತ್ತ ಗೆರೆ ಬಳಸಿ ಎಳೆಯುವ ಎಳೆ ರಂಗೋಲಿ ಮಾತ್ರ ಬೇಡ: ನಡುವೆ ಕರೆ ಬಂದರೆ ಎಳೆ ತಪ್ಪಿ ಕಿರಿಕಿರಿಯಾಗುತ್ತದೆ. ರಂಗೋಲಿಯ ಪರಿಚಯವೇ ಇಲ್ಲದವರಿಗೆ, ವಿಶೇಷವಾಗಿ ಅನೇಕ ಗಂಡಸರಿಗೆ, ಬಣ್ಣದ ಪುಸ್ತಕವೇ ಮೇಲು.

ಕಾಗದ ಮಡಿಸುವುದಕ್ಕೆ ಎರಡೂ ಕೈ ಬೇಕಾಗಿ, ಕ್ಯಾನುಲಾ (ಔಷಧಿ ಕೊಡಲು ರಕ್ತನಾಳಕ್ಕೆ ಸೇರಿಸುವ ಸಣ್ಣ ನಳಿಕೆ) ಹಾಕಿದ ಕೈ ನೋಯುತ್ತಿದ್ದುದರಿಂದ ಅದನ್ನು ಬೇಗನೆ ಬಿಟ್ಟೆವು. ಯಾವುದನ್ನೇ ಆರಿಸಿದರೂ, ಬಿಳಿ ರಕ್ತಕಣ ಇಳಿದಿರುವವರಿಗೆ ಸೋಂಕಿನ ಭಯವಿರುವುದರಿಂದ, ಪೆನ್ಸಿಲ್‌ಗಳನ್ನು ಹಂಚಿಕೊಳ್ಳದೆ ಪ್ರತಿಯೊಬ್ಬರಿಗೂ ಬೇರೆಯದೇ ಪೆಟ್ಟಿಗೆ ಇಡುವುದು ಅಗತ್ಯ.