ನಗರ ತಾಲ್ಲೂಕಿನಲ್ಲಿ ಹುಡುಕಿ, ಟೀಚರ್

ನಮ್ಮೂರು ಹೊಸನಗರದ ಕಡೆ. ಬಸವಣ್ಣನ ಗುಡಿಯ ಹಿಂದೆ ಒಂದು ಕಲ್ಲಿದೆ. ಅರ್ಧ ಮಣ್ಣಲ್ಲಿ ಹೂತಿದೆ. ಮೇಲೆ ಸೂರ್ಯ ಚಂದ್ರ, ಕೆಳಗೆ ಏಳೆಂಟು ಸಾಲು ಅಕ್ಷರ. ಶಾಲೆಗೆ ಹೋಗುವಾಗ ಬರುವಾಗ ಮೂವತ್ತು ವರ್ಷ ಅದನ್ನು ನೋಡಿದ್ದೇನೆ. ನಿವೃತ್ತಿಯಾದ ಮೇಲೆ ಒಂದೇ ಹಟ ಹಿಡಿಯಿತು. ಇದನ್ನು ಯಾರಾದರೂ ಓದಿದ್ದಾರಾ? ಓದಿದ್ದರೆ ಎಲ್ಲಿ ಬರೆದಿಟ್ಟಿದ್ದಾರೆ? ಹಾಗೆ ಕೇಳುತ್ತಾ ಕೇಳುತ್ತಾ ಮಲೆನಾಡಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬಂದು ಮುಟ್ಟಿದೆ. ಜೂನ್‌ನಿಂದ ಈವರೆಗೆ ಏಳು ಮಂಗಳವಾರ ಹೋಗಿ ಬಂದಿದ್ದೇನೆ. ಅಲ್ಲಿನ ಕೊರತೆಗಳನ್ನೂ ಬರೆಯುತ್ತಿರುವುದರಿಂದ ಹೆಸರು ಹಾಕಿಲ್ಲ.

ಬೆಳಿಗ್ಗೆ ಆರೂವರೆ ಬಸ್ಸು ಹಿಡಿದರೆ ರಿಪ್ಪನ್‌ಪೇಟೆ, ಆಯನೂರು ದಾಟಿ ಶಿವಮೊಗ್ಗ. ಅಲ್ಲಿಂದ ಇನ್ನೊಂದು ಬಸ್ಸು. ಬಾಗಿಲಿಗೆ ಹೋಗುವ ಹೊತ್ತಿಗೆ ಹತ್ತೂವರೆ ಆಗುತ್ತದೆ. ನಾನು ಅಲ್ಲಿನ ವಿದ್ಯಾರ್ಥಿಯಲ್ಲ, ಮೇಷ್ಟ್ರಲ್ಲ. ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಮೊದಲ ದಿನ ಎದೆ ಡವಡವ ಎನ್ನುತ್ತಿತ್ತು. ಒಂದು ಅರ್ಜಿ, ಆಧಾರ್ ಪ್ರತಿ, ಏನು ಓದಬೇಕು ಅಂತ ಎರಡು ಸಾಲು. ಅಷ್ಟೇ ಕೇಳಿದರು. ಚೀಲ ಹೊರಗಿಡಬೇಕು, ಟೋಕನ್ ಕೊಡುತ್ತಾರೆ. ನೋಟ್‌ಬುಕ್ಕು, ಪೆನ್ನು ಒಳಗೆ ಒಯ್ಯಬಹುದು. ಪುಸ್ತಕ ಮನೆಗೆ ಕೊಡುವುದಿಲ್ಲ, ಕೂತು ಓದಬೇಕು. ಅದು ನ್ಯಾಯವೇ.

ತೊಂದರೆ ಶುರುವಾದದ್ದು ಕಂಪ್ಯೂಟರ್ ಮುಂದೆ. ಪುಸ್ತಕ ಹುಡುಕಲು ಅಲ್ಲಿ ಕೊಹಾ ಅನ್ನುವ ತಂತ್ರಾಂಶ ಇದೆ. ಕನ್ನಡದಲ್ಲಿ ‘ಶಾಸನ’ ಎಂದು ಟೈಪ್ ಮಾಡಿದೆ. ಒಂದೂ ಬರಲಿಲ್ಲ. ಇಷ್ಟು ದೊಡ್ಡ ಗ್ರಂಥಾಲಯದಲ್ಲಿ ಶಾಸನದ ಪುಸ್ತಕ ಒಂದೂ ಇಲ್ಲವಾ ಅಂತ ಗಾಬರಿಯಾಯಿತು. ಪಕ್ಕದಲ್ಲಿದ್ದ ಎಂಎ ಹುಡುಗಿ, ‘ಆಂಟಿ, ಇಂಗ್ಲಿಷ್ ಅಕ್ಷರದಲ್ಲಿ ಹೊಡೀರಿ’ ಅಂದಳು. ಹೊಡೆದೆ. ‘ಎಸ್’ ಆದಮೇಲೆ ‘ಎಚ್’ ಹಾಕಿದರೆ ಒಂದಷ್ಟು ಪುಸ್ತಕ ಬಂದವು. ‘ಎಚ್’ ಬಿಟ್ಟರೆ ಬೇರೆ ಒಂದಷ್ಟು. ‘ಎ’ ಎರಡು ಸಲ ಹಾಕಿದರೆ ಇನ್ನೂ ನಾಲ್ಕು. ಒಂದೇ ಪದ, ಮೂರು ಕಡೆ ಚೆದುರಿ ಕೂತಿದೆ. ಆ ತಂತ್ರಾಂಶಕ್ಕೆ ಕನ್ನಡ ಬರುವುದಿಲ್ಲ ಎಂದೇನಿಲ್ಲ. ಚೆನ್ನಾಗಿಯೇ ಬರುತ್ತದೆ. ಪಟ್ಟಿ ಸೇರಿಸುವಾಗ ಕನ್ನಡ ಪುಸ್ತಕದ ಹೆಸರನ್ನು ಕನ್ನಡದಲ್ಲಿ ಹಾಕಿಲ್ಲ, ಹಾಕಿದವರೆಲ್ಲ ಒಂದೇ ಕಾಗುಣಿತ ಬಳಸಿಲ್ಲ. ಕನ್ನಡ ನಾಡಿನ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕವನ್ನು ಕನ್ನಡದಲ್ಲಿ ಕೇಳಿದರೆ ‘ಇಲ್ಲ’ ಎನ್ನುವುದು ನನಗೆ ತುಂಬಾ ನೋವಾಯಿತು. ನನ್ನಂಥವರು ಎಷ್ಟು ಜನ ಅಲ್ಲಿಂದಲೇ ತಿರುಗಿ ಹೋಗಿರಬಹುದು, ಅಲ್ವಾ?

ಕೊನೆಗೆ ಕಂಪ್ಯೂಟರ್ ಬಿಟ್ಟು ಕಪಾಟಿನ ನಡುವೆಯೇ ಹುಡುಕಿದೆ. ಅಲ್ಲಿ ಪುಸ್ತಕ ಜೋಡಿಸಿರುವುದು ಡ್ಯೂಯಿ ಲೆಕ್ಕದಲ್ಲಿ, ಅಂದರೆ ಒಂದೊಂದು ವಿಷಯಕ್ಕೆ ಒಂದೊಂದು ಸಂಖ್ಯೆ. ಕನ್ನಡ ಸಾಹಿತ್ಯ 894.814, ಕರ್ನಾಟಕದ ಇತಿಹಾಸ 954.87. ಈ ಎರಡು ಸಂಖ್ಯೆ ಬಾಯಿಪಾಠ ಮಾಡಿಕೊಂಡು ಹೋದರೆ ಅರ್ಧ ಕೆಲಸ ಆದ ಹಾಗೆ.

ಪರಾಮರ್ಶನ ವಿಭಾಗದ ಮೇಜಿನ ಹಿಂದೆ ಒಬ್ಬರು ಕೂರುತ್ತಾರೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನನ್ನ ಕಲ್ಲಿನ ಕಥೆ ಕೇಳಿದರು, ಮೊಬೈಲಿನ ಫೋಟೋ ದೊಡ್ಡದು ಮಾಡಿ ನೋಡಿದರು. ‘ಎಪಿಗ್ರಾಫಿಯಾ ಕರ್ನಾಟಿಕಾ ನೋಡಿದ್ರಾ?’ ಅಂದರು. ನಮ್ಮ ಕಡೆಯ ಶಾಸನಗಳನ್ನು ತಾಲ್ಲೂಕುವಾರು ಅಚ್ಚು ಹಾಕಿದ ಸಂಪುಟಗಳು ಅವು. ಎಂಟನೇ ಸಂಪುಟ ತಂದುಕೊಟ್ಟರು. ಆಗಿನ ಮೈಸೂರು ಸಂಸ್ಥಾನದ ಪುರಾತತ್ವ ಅಧಿಕಾರಿ ಬಿ. ಎಲ್. ರೈಸ್ 1904ರಲ್ಲಿ ಅಚ್ಚು ಹಾಕಿಸಿದ್ದು. ನಾನು ಹೊಸನಗರ ತಾಲ್ಲೂಕು ಎಂದು ಹುಡುಕಿದೆ. ಸೊರಬ ಇದೆ, ಸಾಗರ ಇದೆ, ತೀರ್ಥಹಳ್ಳಿ ಇದೆ. ಹೊಸನಗರವೇ ಇಲ್ಲ. ಮುಖ ಬಾಡಿದ್ದು ಕಂಡಿರಬೇಕು, ಅವರು ಎದ್ದು ಬಂದರು.

‘ನಗರ ತಾಲ್ಲೂಕಿನಲ್ಲಿ ಹುಡುಕಿ, ಟೀಚರ್. ರೈಸ್ ಕಾಲಕ್ಕೆ ನಿಮ್ಮದು ಅದೇ.’

ಹೌದಲ್ಲ! 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್‌ನಗರ ಎಂದು ಕರೆದದ್ದು, ಜನರ ಬಾಯಲ್ಲಿ ಬರೀ ‘ನಗರ’ ಉಳಿದದ್ದು ನಾನೇ ಮಕ್ಕಳಿಗೆ ಹೇಳಿಕೊಟ್ಟ ಪಾಠ. ಆ ಹೊತ್ತಿಗೆ ಹೊಳೆಯಲಿಲ್ಲ. ಈ ಒಂದು ಮಾತನ್ನು ಯಾವ ಕಂಪ್ಯೂಟರೂ ನನಗೆ ಹೇಳುತ್ತಿರಲಿಲ್ಲ. ಈ ಗ್ರಂಥಾಲಯದ ಅತಿ ದೊಡ್ಡ ಸೇವೆ ಯಾವುದು ಎಂದು ಕೇಳಿದರೆ ನಾನು ಆ ಮೇಜನ್ನೇ ತೋರಿಸುತ್ತೇನೆ. ಅಲ್ಲಿ ಕೂರುವವರಿಗೆ ಪುಸ್ತಕ ಎಲ್ಲಿದೆ ಎಂಬುದರ ಜೊತೆಗೆ ಪುಸ್ತಕದ ಒಳಗೆ ಏನಿದೆ ಎಂಬುದೂ ಗೊತ್ತು.

ಆ ಸಂಪುಟದಲ್ಲಿ ಪ್ರತಿ ಶಾಸನವೂ ಮೂರು ರೂಪದಲ್ಲಿದೆ. ಇಂಗ್ಲಿಷ್ ಅಕ್ಷರದಲ್ಲಿ, ಇಂಗ್ಲಿಷ್ ಅನುವಾದದಲ್ಲಿ, ಕನ್ನಡ ಅಕ್ಷರದಲ್ಲಿ. ಪುಟ ತಿರುಗಿಸುತ್ತಾ ನಗರ ತಾಲ್ಲೂಕಿನ 35ನೇ ಶಾಸನಕ್ಕೆ ಬಂದೆ. ಹುಂಚದ ಪಂಚಕೂಟ ಬಸದಿಯ ಶಾಸನ, 1077ನೇ ಇಸವಿ. ಬಸದಿ ಕಟ್ಟಿಸಿದವಳು ಚಟ್ಟಲದೇವಿ. ಸುಮ್ನೆ ಕೂತುಬಿಟ್ಟೆ. ಎಷ್ಟು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ಹುಂಚಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದೇನೆ. ‘ಇದು ತುಂಬಾ ಹಳೆಯ ಬಸದಿ’ ಎಂದಷ್ಟೇ ಹೇಳಿ ಬುತ್ತಿ ಬಿಚ್ಚಿಸುತ್ತಿದ್ದೆ. ಇದನ್ನು ಕಟ್ಟಿಸಿದ್ದು ಒಬ್ಬ ಹೆಂಗಸು ಅಂತ ನನ್ನ ತರಗತಿಯ ಹೆಣ್ಣುಮಕ್ಕಳಿಗೆ ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ. ಆ ಪುಟವನ್ನು ಕೈಯಲ್ಲೇ ಬರೆದುಕೊಂಡೆ. ಹಳೆಯ ಪುಸ್ತಕಗಳನ್ನು ಜೆರಾಕ್ಸ್ ಮಾಡಲು ಬಿಡುವುದಿಲ್ಲ, ಬೆನ್ನು ಒಡೆಯುತ್ತದೆ. ಕೇಳಿದರೆ ಮೊಬೈಲಲ್ಲಿ ಫೋಟೋ ತೆಗೆಯಲು ಬಿಡುತ್ತಾರೆ. ನನಗೆ ಮಾತ್ರ ಬರೆದರೇ ತಲೆಗೆ ಹತ್ತುವುದು.

ಮಳೆಗಾಲದಲ್ಲಿ ಹೋಗುವವರಿಗೆ ಒಂದು ಮಾತು. ಓದುವ ಕೋಣೆ ತಣ್ಣಗೆ ಕೊರೆಯುತ್ತದೆ, ಸ್ವೆಟರ್ ಇರಲಿ. ನಮ್ಮ ಕಡೆ ಮಳೆ ಹಿಡಿದರೆ ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಗೂ ಬೂಷ್ಟು ಬರುತ್ತದೆ, ಇನ್ನು ಪುಸ್ತಕ ಬಿಟ್ಟೀತೇ? ಅಲ್ಲಿನ ಸಹಾಯಕರು ಒಣಬಟ್ಟೆ ಹಿಡಿದು ಒಂದೊಂದೇ ಪುಸ್ತಕದ ರಟ್ಟು ಒರೆಸುವುದನ್ನು ಜುಲೈಯಲ್ಲಿ ಎರಡು ಸಲ ನೋಡಿದೆ. ಹಳೆಯ ಪುಸ್ತಕಗಳ ಕಪಾಟಿನ ಹತ್ತಿರ ಬಲ್ಬು ಉರಿಯುತ್ತಿರುತ್ತದೆ, ಥಂಡಿ ಹಿಡಿಯಬಾರದು ಅಂತ. ನಮ್ಮ ಅಮ್ಮ ಒಲೆಯ ಮೇಲಿನ ಅಟ್ಟದಲ್ಲಿ ಬಿತ್ತನೆ ಬೀಜ ಇಡುತ್ತಿದ್ದದ್ದು ನೆನಪಾಯಿತು. ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರಿಗೆ ನನ್ನ ನಮಸ್ಕಾರ.

ಆಗಸ್ಟ್ 12ರಂದು ಹೋದಾಗ ಬಾಗಿಲಲ್ಲಿ ರಂಗೋಲಿ ಇತ್ತು. ನಮ್ಮ ದೇಶದಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಹುಟ್ಟುಹಬ್ಬದ ಆಚರಣೆ, ಗ್ರಂಥಪಾಲಕರ ದಿನ. ಹಳೆಯ ಪುಸ್ತಕಗಳನ್ನು ಮೇಜಿನ ಮೇಲೆ ಇಟ್ಟಿದ್ದರು. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳನ್ನು ಕನ್ನಡದಲ್ಲಿ ಬರೆದು ಅಂಟಿಸಿದ್ದರು. ನಾಲ್ಕನೆಯದು, ‘ಓದುಗರ ಸಮಯ ಉಳಿಸಿ’. ನಾನು ಗ್ರಂಥಪಾಲಕರ ಹತ್ತಿರ ಹೋಗಿ ಕನ್ನಡ ಹುಡುಕಾಟದ ವಿಷಯ ಹೇಳಿದೆ. ಸಿಟ್ಟು ಮಾಡಲಿಲ್ಲ. ಕನ್ನಡ ವಿಭಾಗದ ವಿದ್ಯಾರ್ಥಿಗಳನ್ನು ಕೂರಿಸಿ ಸ್ವಲ್ಪ ಸ್ವಲ್ಪವೇ ತಿದ್ದಿಸುವ ಯೋಚನೆ ಇದೆ ಎಂದರು. ಬೇಗ ಆಗಲಿ. ಕರೆದರೆ ನಾನೂ ಬಂದು ಟೈಪ್ ಮಾಡುತ್ತೇನೆ ಎಂದು ಹೇಳಿ ಬಂದಿದ್ದೇನೆ.

ಅದೇ ದಿನ ಮಧ್ಯಾಹ್ನ ಶೋಧಗಂಗಾ ಬಳಸುವುದನ್ನು ಹೇಳಿಕೊಟ್ಟರು. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಸಿಗುತ್ತವೆ. ದುಡ್ಡು ಕೊಡಬೇಕಿಲ್ಲ, ಮನೆಯಿಂದಲೇ ಓದಬಹುದು. ಒಂದೊಂದು ಅಧ್ಯಾಯ ಒಂದೊಂದು ಕಡತ, ಬೇಕಾದ್ದನ್ನಷ್ಟೇ ಇಳಿಸಿಕೊಳ್ಳಬಹುದು. ಮನೆಯಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ನಾನು ತೋಟದ ದಿಣ್ಣೆ ಹತ್ತಬೇಕು. ಹಾಗಾಗಿ ಅಲ್ಲೇ ಆರು ಅಧ್ಯಾಯ ಇಳಿಸಿಕೊಂಡೆ.

ಇನ್ನೊಂದು ಕೊರತೆ ಹೊತ್ತಿನದು. ಮಧ್ಯಾಹ್ನ ಊಟದ ಹೊತ್ತಿಗೆ ಪರಾಮರ್ಶನ ವಿಭಾಗಕ್ಕೆ ಒಂದು ಗಂಟೆ ಬೀಗ. ನಾಲ್ಕು ಗಂಟೆಗೆ ನಾನು ಬಸ್ಸಿಗೆ ಓಡಬೇಕು. ದೂರದಿಂದ ಬಂದವರಿಗೆ ಆ ಒಂದು ಗಂಟೆ ಬಹಳ ಜಾಸ್ತಿ. ಇಬ್ಬರು ಸರದಿಯಲ್ಲಿ ಊಟಕ್ಕೆ ಹೋದರೆ ಆಗುತ್ತದೆ. ಆದರೆ ಅಲ್ಲಿ ಇರುವುದೇ ಒಬ್ಬರು. ಇನ್ನೊಬ್ಬರನ್ನು ಕೊಡಬೇಕು.

ಟೀಚರ್ ಆಗಿದ್ದವಳು, ಅಂಕ ಕೊಡದೆ ಬಿಡಲಾರೆ. ಐದಕ್ಕೆ ನಾಲ್ಕು. ಉಳಿದ ಒಂದನ್ನು ಕನ್ನಡದಲ್ಲಿ ಟೈಪ್ ಮಾಡಿ ‘ಶಾಸನ’ ಸಿಕ್ಕ ದಿನ ಕೊಡುತ್ತೇನೆ.

ನಮ್ಮ ಕಲ್ಲು ಸಿಕ್ಕಿತಾ? ರೈಸ್ ಸಂಪುಟದಲ್ಲಿ ಇಲ್ಲ. ನಗರ ತಾಲ್ಲೂಕಿನ ಪಟ್ಟಿಯನ್ನು ಎರಡು ಸಲ ನೋಡಿದೆ. ರೈಸ್ ನಂತರ ಸಿಕ್ಕ ಶಾಸನಗಳು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಅಚ್ಚಾಗಿವೆಯಂತೆ. ಅಲ್ಲಿರಬಹುದು ಎಂದು ಮೇಜಿನವರು ಹೇಳಿದರು. ಕೆಲವು ವರ್ಷದವು ಕಪಾಟಿನಲ್ಲಿದ್ದವು, ನೋಡಿ ಮುಗಿಸಿದೆ. 1920ರ ದಶಕದವು ಬೈಂಡಿಂಗ್‌ಗೆ ಹೋಗಿವೆ. ಮುಂದಿನ ಮಂಗಳವಾರಕ್ಕೆ ಬಂದಿರುತ್ತವೆ ಎಂದಿದ್ದಾರೆ. ಆರೂವರೆ ಬಸ್ಸಿಗೆ ಹೊರಡುತ್ತೇನೆ.